ಗಾಡಿ ಕೆಳಗೆ ಎಣ್ಣೆ ಕಲೆಯೇ? ಸೀಲ್ ಬಿಚ್ಚುವ ಮುಂಚೆ ಬ್ರೀದರ್ ನೋಡಿ

ರಾತ್ರಿ ನಿಲ್ಲಿಸಿದ ಪಿಕಪ್ ಬೆಳಿಗ್ಗೆ ತೆಗೆದರೆ ಅಂಗಳದ ಕಲ್ಲಿನ ಮೇಲೆ ಅಂಗೈಯಗಲ ಎಣ್ಣೆ. ನಮ್ಮ ಕಲಬುರಗಿ ಕಡೆ ಶಹಾಬಾದ್ ಕಲ್ಲು ಹಾಸಿರುವುದು ಇದಕ್ಕಾದರೂ ಒಳ್ಳೆಯದೇ. ಮಣ್ಣು ಎಣ್ಣೆ ಕುಡಿದು ಸುಮ್ನಿರುತ್ತದೆ, ಕಲ್ಲು ತೋರಿಸಿಬಿಡುತ್ತದೆ.

ಮೊದಲು ಬೆರಳಿಗೆ ಹಚ್ಚಿಕೊಂಡು ಮೂಸಿ. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ಗಾಡಿಯ ನಡುವೆ ಬಿದ್ದಿದ್ದರೆ ಗೇರ್ ಬಾಕ್ಸ್ ಹಿಂದಿನ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಮೇಲೆ ಅನುಮಾನ, ಹಿಂಭಾಗದಲ್ಲಿ ಬಿದ್ದಿದ್ದರೆ ಡಿಫರೆನ್ಶಿಯಲ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡಿನ ಮೇಲೆ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದ್ದರೆ ಗಾಡಿ ಓಡಿಸಲೇಬೇಡಿ. ಅದು ಗೇರ್ ಆಯಿಲ್ ಇರಲಿ, ಬ್ರೇಕ್ ಆಯಿಲ್ ಇರಲಿ, ಕೆಡುವುದು ಬ್ರೇಕೇ.

ಸೋರಿದ ಎಣ್ಣೆಯನ್ನು ಓಡುವಾಗಿನ ಗಾಳಿ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಸೀಮೆಎಣ್ಣೆಯಲ್ಲಿ ಎಲ್ಲ ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಹತ್ತು ಕಿಲೋಮೀಟರ್ ಸುತ್ತಿ ಬನ್ನಿ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಹೋಗಿ. ಬರೀ ಜಾಕ್ ನಂಬಬೇಡಿ. ಪೌಡರ್ ಎಲ್ಲಕ್ಕಿಂತ ಮೇಲೆ, ಮುಂದೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ.

ಇನ್ನು ಬ್ರೀದರ್. ಆಕ್ಸಲ್ ಹೌಸಿಂಗ್ (ಹಿಂದಿನ ಅಚ್ಚಿನ ಕವಚ) ಮೇಲಿರುವ ಪುಟ್ಟ ಟೋಪಿ, ಕೆಲವಕ್ಕೆ ಒಂದು ಪೈಪು. ಆಯಿಲ್ ಕಾದಾಗ ಉಬ್ಬುವ ಗಾಳಿ ಇದರಲ್ಲಿ ಹೊರಹೋಗಬೇಕು. ಇದು ಕಟ್ಟಿದರೆ ಒತ್ತಡ ಸೀಲ್ ಕಡೆಯಿಂದ ಎಣ್ಣೆ ತಳ್ಳುತ್ತದೆ. ನಾನು ಒಂದೇ ವರ್ಷದಲ್ಲಿ ಎರಡು ಸಲ ಸೀಲ್ ಹಾಕಿಸಿದೆ, ಎರಡು ಸಲವೂ ಸೋರಿತು. ಕೊನೆಗೆ ಟೋಪಿ ತಿರುಗಿಸಿ ತೆಗೆದರೆ ಮಳೆಗಾಲದಲ್ಲಿ ಹೊಲದಿಂದ ತಂದ ಎರೆಮಣ್ಣು ಒಳಗೆ ಇಟ್ಟಿಗೆಯಂತೆ ಕೂತಿತ್ತು! ತಂತಿ ಹಾಕಿ ಕೆದರಿ, ಸೀಮೆಎಣ್ಣೆಯಲ್ಲಿ ತೊಳೆದೆ. ಖರ್ಚು ಏನೂ ಇಲ್ಲ.

ಸೀಲೇ ಹೋಗಿದ್ದರೆ, ಅದರ ಒಳಅಂಚು (ತುಟಿ) ಉಜ್ಜುವ ಫ್ಲ್ಯಾಂಜ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತಟ್ಟೆಯ ಕತ್ತಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಫ್ಲ್ಯಾಂಜ್ ಮೇಲಕ್ಕೂ ಕೆಳಕ್ಕೂ ಅಲುಗಾಡಿದರೆ ಬೇರಿಂಗ್ ಸವೆದಿದೆ. ಹೊಸದನ್ನು ಸ್ಪ್ರಿಂಗ್ ಇರುವ ಬದಿ ಒಳಗೆ ಮಾಡಿ, ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ಡಿಫರೆನ್ಶಿಯಲ್‌ನ ಫ್ಲ್ಯಾಂಜನ್ನು ಹಿಡಿದಿಡುವ ಪಿನಿಯನ್ ನಟ್ ಮಾತ್ರ ಅನುಭವ ಇಲ್ಲದೆ ಮುಟ್ಟಬೇಡಿ, ಜಾಸ್ತಿ ಬಿಗಿದರೆ ಬೇರಿಂಗೇ ಹೋಗುತ್ತದೆ.

ಆಯಿಲ್ ಬದಲಿಸುವುದಿದ್ದರೆ ಮೊದಲು ಬಿಚ್ಚಬೇಕಾದ್ದು ತುಂಬುವ ಬೋಲ್ಟ್. ಕೆಳಗಿನದು ಬಿಚ್ಚಿ ಎಲ್ಲ ಖಾಲಿ ಮಾಡಿ, ಆಮೇಲೆ ಮೇಲಿನದು ಜಾಮ್ ಆಗಿದ್ದರೆ ಏನ್ಮಾಡ್ತೀರಿ? ಗಾಡಿ ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಸಮತಟ್ಟಾದ ಜಾಗದಲ್ಲಿ, ತುಂಬುವ ತೂತಿನ ಕೆಳಅಂಚಿನವರೆಗೆ ಬಂದರೆ ಸಾಕು.

ಆಮೇಲೆ ಕಲ್ಲಿನ ಮೇಲಿನ ಹಳೇ ಕಲೆಯನ್ನು ಬೂದಿ ಹಾಕಿ ಉಜ್ಜಿಬಿಡಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಹೊಸದ್ಯಾವುದು, ಹಳೇದ್ಯಾವುದು ತಿಳಿಯುವುದಿಲ್ಲ.