‘ಗಮಕ ಬೇಡ ಮೇಡಂ’: ಮನೆಯಲ್ಲೇ ಎಪ್ಪತ್ತರ ದಶಕದ ಡಿಸ್ಕೋ ಮಾಡಿದ ಕತೆ

ಮೊದಲು ಮಾಡಿದ ಟ್ರ್ಯಾಕನ್ನು ಒಬ್ಬ ಹಿರಿಯ ಬೇಸ್ ಗಿಟಾರ್ ವಾದಕರಿಗೆ ಕೇಳಿಸಿದೆ. ವಯಸ್ಸಲ್ಲಿದ್ದಾಗ ಬೆಂಗಳೂರಿನ ಹೋಟೆಲ್ ಬ್ಯಾಂಡ್‌ಗಳಲ್ಲಿ ನುಡಿಸಿದವರು. ನಾವೆಲ್ಲ ಅವರನ್ನು ಅಂಕಲ್ ಅಂತಲೇ ಕರೆಯೋದು. ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಕೇಳಿದರು, ತೆಗೆದು ಮೇಜಿನ ಮೇಲಿಟ್ಟರು. "ಚೆನ್ನಾಗಿದೆ ಕಣಪ್ಪ. ಆದ್ರೆ ಇದು ಜಿಮ್‌ನಲ್ಲಿ ಹಾಕೋ ಹಾಡು" ಅಂದರು.

ಬೇಜಾರಾಯಿತು. ಯಾಕಂದ್ರೆ ನಾನು ಕಮ್ಮಿ ಖರ್ಚು ಮಾಡಿರಲಿಲ್ಲ. ಹಳೇ ಟೇಪಿನ ಸದ್ದು ಬರಿಸೋ ಸಾಫ್ಟ್‌ವೇರ್, ಅಂದ್ರೆ ಟೇಪ್ ಪ್ಲಗಿನ್ ಕೊಂಡಿದ್ದೆ, ಸುತ್ತಿ ಸುತ್ತಿ ಬರೋ ರೆಡಿಮೇಡ್ ಡಿಸ್ಕೋ ತುಣುಕುಗಳನ್ನು, ಅಂದ್ರೆ ಲೂಪ್‌ಗಳನ್ನು ಕೊಂಡಿದ್ದೆ, ಸಾಲದ್ದಕ್ಕೆ ಹಳೇ ರೆಕಾರ್ಡಿನ ಕರಕರ ಸದ್ದನ್ನೂ ಸೇರಿಸಿದ್ದೆ. ಅಷ್ಟಾದರೂ ಅದು ಈ ಕಾಲದ ಟ್ರ್ಯಾಕಿಗೆ ಹಳೇ ಕೋಟು ತೊಡಿಸಿದ ಹಾಗಿತ್ತು.

ನನಗೆ ಬೇಕಿದ್ದದ್ದು 1974-79ರ ಸದ್ದು. ಹಾಡುವವರಿಲ್ಲದ, ಬರೀ ವಾದ್ಯಗಳ ಡಿಸ್ಕೋ. ಆಗ ಅಂಥ ರೆಕಾರ್ಡುಗಳು ಬೇಕಾದಷ್ಟು ಬಂದವು. ಅದರಲ್ಲಿ ನಮ್ಮವರದೂ ಒಂದು ಪಾಲಿದೆ. ಬೆಂಗಳೂರಲ್ಲಿ ಹುಟ್ಟಿ ಲಂಡನ್‌ಗೆ ಹೋದ ಬಿದ್ದು, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ನಿರ್ಮಿಸಿ ಪ್ರಪಂಚವನ್ನೇ ಕುಣಿಸಿದರು. ಆಮೇಲೆ ತಮ್ಮದೇ ಹೆಸರಿನ ಆರ್ಕೆಸ್ಟ್ರಾ ಕಟ್ಟಿಕೊಂಡು ವಾದ್ಯಸಂಗೀತದ ಡಿಸ್ಕೋ ರೆಕಾರ್ಡುಗಳನ್ನು ತಂದರು. ಅವನ್ನು ತಿಂಗಳುಗಟ್ಟಲೆ ಕೇಳಿದೆ. ಕೇಳ್ತಾ ಕೇಳ್ತಾ ಒಂದು ವಿಷಯ ತಲೆಗೆ ಹೋಯಿತು. ಅಲ್ಲಿ ಜೀವಂತ ಜನ ಒಂದು ಕೋಣೆಯಲ್ಲಿ ಕೂತು ನುಡಿಸ್ತಿದ್ದಾರೆ. ನನ್ನ ಟ್ರ್ಯಾಕಲ್ಲಿ ಒಬ್ಬನೂ ಇಲ್ಲ.

ಹಾಗಾಗಿ ಎಲ್ಲ ಅಳಿಸಿ, ಡ್ರಮ್ಸ್‌ನಿಂದ ಶುರು ಮಾಡಿದೆ.

ಡಿಸ್ಕೋ ಅಂದ್ರೆ ಪ್ರತಿ ಎಣಿಕೆಗೂ ಒಂದು ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್), ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕುಣಿಸೋದು ಕಿಕ್ ಅಲ್ಲ, ಹೈ-ಹ್ಯಾಟ್, ಅಂದ್ರೆ ಎಡಗಾಲಲ್ಲಿ ತೆರೆದು ಮುಚ್ಚೋ ಜೋಡಿ ತಾಳ. ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್ 1973ರಲ್ಲಿ ‘ದ ಲವ್ ಐ ಲಾಸ್ಟ್’ ಹಾಡಿಗೆ ನುಡಿಸಿದ್ದನ್ನು ಈ ನಡೆಯ ಮೂಲ ಅಂತ ಹೇಳ್ತಾರೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ತ-ಕ-ಧಿ-ಮಿ ಅಂತ ಬಾಯಲ್ಲಿ ಹೇಳಿಕೊಳ್ಳಿ. ‘ತ’ಕ್ಕೆ ಕಿಕ್. ‘ಧಿ’ಗೆ ಹೈ-ಹ್ಯಾಟ್ ಬಾಯಿ ಬಿಡಬೇಕು, ‘ತ್ಸ್ಸ್’ ಅಂತ. ಮುಂದಿನ ‘ತ’ಕ್ಕೆ ಸರಿಯಾಗಿ ಎಡಗಾಲು ಒತ್ತಿ ಬಾಯಿ ಮುಚ್ಚಬೇಕು. ಆ ಮುಚ್ಚೋದರಲ್ಲೇ ಎಲ್ಲ ಇರೋದು. ಲೂಪ್‌ನಲ್ಲಿ ಪ್ರತಿ ‘ತ್ಸ್ಸ್’ ಕೂಡ ಒಂದೇ ಉದ್ದ. ಕಾಲಲ್ಲಿ ಮುಚ್ಚಿದಾಗ ಒಂದು ಕೂದಲೆಳೆ ಉದ್ದ, ಇನ್ನೊಂದು ಕೂದಲೆಳೆ ಗಿಡ್ಡ. ಕೇಳುವವರಿಗೆ ಅದು ಗೊತ್ತಾಗಲ್ಲ, ಅವರ ಸೊಂಟಕ್ಕೆ ಗೊತ್ತಾಗುತ್ತೆ.

ಪರಿಚಯದ ಒಬ್ಬ ಹುಡುಗನನ್ನು ಕರೆಸಿದೆ. ರಾಕ್ ನುಡಿಸಿ ಅಭ್ಯಾಸ, ಕೈ ಭಾರ. ಅವನ ಸ್ನೇರ್ (ಮುಂದಿರೋ ಚಪ್ಪಟೆ ಡ್ರಮ್) ಮೇಲೆ ಅಡುಗೆಮನೆಯ ಒರೆಸೋ ಬಟ್ಟೆ ಮಡಚಿ ಹಾಕಿ ಟೇಪ್ ಅಂಟಿಸಿದೆ. ಟಾಮ್ ಡ್ರಮ್‌ಗಳ ಕೆಳಗಿನ ಚರ್ಮ ಬಿಚ್ಚಿಸಿದೆ. ಕಿಕ್ ಒಳಗೆ ಹಳೇ ಕಂಬಳಿ ತುರುಕಿದೆ. "ಸಾರ್, ಡ್ರಮ್ಸ್ ಸತ್ತೋಯ್ತು" ಅಂದ. ಸಾಯಲಿ ಅಂತಲೇ ಮಾಡಿದ್ದು! ಆ ಕಾಲದ ಸ್ಟುಡಿಯೋಗಳಲ್ಲಿ ಡ್ರಮ್ಸ್ ಹೀಗೇ ಇರ್ತಿತ್ತು: ಹತ್ತಿರ, ಒಣ, ಗುಂಯ್‌ಗುಡದ ಸದ್ದು. ‘ಡಬ್’ ಅಂದು ನಿಲ್ಲಬೇಕು, ‘ಡೂಮ್ಮ್’ ಅಂತ ಎಳೀಬಾರದು.

ಕ್ಲಿಕ್, ಅಂದ್ರೆ ಲಯ ಹಿಡಿಸೋ ಟಕ್ ಟಕ್ ಸದ್ದು, ಕೊಡಲಿಲ್ಲ. ಮೊದಲ ನಾಲ್ಕು ಎಣಿಕೆ ಮಾತ್ರ ನಿಮಿಷಕ್ಕೆ 116ರ ವೇಗದಲ್ಲಿ ಕೇಳಿಸಿ ಬಿಟ್ಟುಬಿಟ್ಟೆ. ಐದು ನಿಮಿಷ ಕಳೆಯುವ ಹೊತ್ತಿಗೆ 119ಕ್ಕೆ ಹೋಗಿದ್ದ. ಸರಿ ಮಾಡೋಣ ಅಂತ ಕೈ ತುರಿಸಿತು, ಮಾಡಲಿಲ್ಲ. ಕೊನೆಕೊನೆಗೆ ಹುರುಪು ಏರಿದ ಹಾಗೆ ಕೇಳುತ್ತೆ. ನಿಜವಾಗಿ ಏರಿಯೂ ಇತ್ತು.

ಬೇಸ್ ನುಡಿಸಿದ್ದು ಅಂಕಲ್ಲೇ. ತಂತಿ ಬದಲಾಯಿಸಿ ಎಷ್ಟು ವರ್ಷ ಆಯಿತೋ ಅವರಿಗೇ ನೆನಪಿಲ್ಲ. ಅದೇ ಬೇಕಿತ್ತು ನನಗೆ. ಬ್ರಿಡ್ಜ್ (ತಂತಿ ಕೂರೋ ಪಟ್ಟಿ) ಹತ್ತಿರ ತಂತಿಯ ಕೆಳಗೆ ಪಾತ್ರೆ ತೊಳೆಯೋ ಸ್ಪಂಜನ್ನು ಸಣ್ಣಗೆ ಕತ್ತರಿಸಿ ಸಿಕ್ಕಿಸಿದರು. ನಾನು ಬರೆದುಕೊಟ್ಟದ್ದು ಮೇಲೊಂದು ಕೆಳಗೊಂದು ಜಿಗಿಯೋ ಷಡ್ಜಗಳು, ಡಿಸ್ಕೋ ಅಂದ್ರೆ ಅದೇ ಅಂದುಕೊಂಡಿದ್ದೆ. "ಇದನ್ನೇ ಐದು ನಿಮಿಷ ನುಡಿಸಿದ್ರೆ ನಂಗೆ ನಿದ್ದೆ ಬರುತ್ತೆ" ಅಂದರು. ಆ ಜಿಗಿತ ಎರಡು ಕಡೆ ಉಳಿಯಿತು. ಮಿಕ್ಕ ಕಡೆಯೆಲ್ಲ ಬೇಸೇ ಹಾಡು ಹೇಳುತ್ತೆ. ಶೀಕ್ ಅನ್ನೋ ಡಿಸ್ಕೋ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ್ದನ್ನು ಕೇಳಿದವರಿಗೆ ಇದು ಹೊಸ ವಿಷಯ ಅಲ್ಲ. ನಾನು ಕಿವಿಗೊಟ್ಟು ಕೇಳಿರಲಿಲ್ಲ, ಅಷ್ಟೇ.

ಗಿಟಾರ್ ನಾನೇ ನುಡಿಸಿದೆ. ಆಂಪ್ಲಿಫೈಯರ್ ಇಲ್ಲ, ನೇರ ಕಂಪ್ಯೂಟರಿಗೆ ಸದ್ದು ಕಳಿಸೋ ಪೆಟ್ಟಿಗೆಗೆ, ಅಂದ್ರೆ ಇಂಟರ್ಫೇಸ್‌ಗೆ. ಮೇಲಿನ ಮೂರು ತಂತಿಗಳಲ್ಲಿ ಸಣ್ಣ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳು. ಬಲಗೈ ತಕಧಿಮಿ ತಕಧಿಮಿ ಅಂತ ನಿಲ್ಲದೆ ಓಡುತ್ತಿರಬೇಕು, ಎಡಗೈ ಬೇಕಾದಾಗ ಮಾತ್ರ ಒತ್ತಬೇಕು. ಒತ್ತದೇ ಇದ್ದಾಗ ಬರೀ ‘ಚಿಕ್ ಚಿಕ್’. ಎರಡು ದಿನ ಮುಂಗೈ ನೋವು.

ಈಗ ವಯೊಲಿನ್ ವಿಷಯಕ್ಕೆ ಬರ್ತೀನಿ. ಜಾಸ್ತಿ ಕಷ್ಟಪಟ್ಟದ್ದು ಇಲ್ಲೇ.

ಆ ಕಾಲದ ಡಿಸ್ಕೋದಲ್ಲಿ ದೊಡ್ಡ ವಯೊಲಿನ್ ಗುಂಪು ಇರುತ್ತೆ. ನಮ್ಮ ಬೀದಿಯಲ್ಲಿ ಇದ್ದದ್ದು ಒಬ್ಬರೇ, ಕರ್ನಾಟಕ ಸಂಗೀತದ ವಯೊಲಿನ್ ಟೀಚರ್. ಅವರ ವಾದ್ಯದ ನಾಲ್ಕು ತಂತಿಗಳ ಶ್ರುತಿ ಸ-ಪ-ಸ-ಪ. ಅದನ್ನು ಬದಲಾಯಿಸಿ ಅಂತ ಕೇಳೋಕೆ ಮನಸ್ಸಾಗಲಿಲ್ಲ. ಅದಕ್ಕೇ ಬೇಸ್ ಮುಟ್ಟುವ ಮುಂಚೆಯೇ ಇಡೀ ಟ್ರ್ಯಾಕನ್ನು ಇ ಮೈನರ್‌ನಿಂದ ಡಿ ಮೈನರ್‌ಗೆ ಇಳಿಸಿದ್ದೆ. ಅವರ ಷಡ್ಜ ಅಲ್ಲೇ ಕೂರುತ್ತೆ. "ಖರಹರಪ್ರಿಯ ರಾಗದ ಸ್ವರಗಳು ಅಂದ್ಕೊಳ್ಳಿ ಮೇಡಂ" ಅಂದೆ. ಅದು ನಾನು ಮಾಡಿದ ತಪ್ಪು. ಖರಹರಪ್ರಿಯ ಅಂದಿದ್ದೇ ತಡ, ಗಮಕ (ಸ್ವರವನ್ನು ತೂಗಿ ನುಡಿಸೋದು) ಶುರುವಾಗಿ ಗಾಂಧಾರ ತೂಗಾಡತೊಡಗಿತು. ನಿಷಾದ ಇನ್ನೂ ಜೋರು.

"ಗಮಕ ಬೇಡ ಮೇಡಂ."

"ಗಮಕ ಇಲ್ದೆ ಹೇಗಪ್ಪ ನುಡಿಸೋದು? ಸ್ವರ ಬೋಳು ಬೋಳಾಗಿ ಕೇಳಲ್ವಾ?"

"ಸರಳೆ ವರಸೆ ಕಲಿಯೋ ಮಕ್ಕಳು ನುಡಿಸ್ತಾರಲ್ಲ, ಹಾಗೆ."

ಅವರು ನಕ್ಕರು, ಆದರೆ ಅರ್ಥವಾಯಿತು. ಸ್ವರ ಕಂಬದ ಹಾಗೆ ನಿಂತಿತು. ಮತ್ತೆ ಒಂದು ವಾಕ್ಯದ ಕೊನೆಗೆ, ಕೆಳಗಿನ ಪಂಚಮದಿಂದ ಮೇಲಿನ ಷಡ್ಜಕ್ಕೆ ‘ಸುಂಯ್’ ಅಂತ ಒಂದು ಜಾರು ಹಾಕಿದರು. ನಾನು ಕೇಳಿರಲೇ ಇಲ್ಲ. ಡಿಸ್ಕೋ ವಯೊಲಿನ್‌ಗಳು ಮೇಲಕ್ಕೆ ಹಾರೋದು ಹೀಗೇ ಅಲ್ವಾ! ಜಾರು ಇರಲಿ, ಬೇರೆ ಗಮಕ ಬೇಡ ಅಂತ ಒಪ್ಪಂದವಾಯಿತು.

ಅದೇ ಸಾಲನ್ನು ಹತ್ತು ಸಲ ನುಡಿಸಿದರು. ಒಂದು ಟೇಕ್ ಕಾಪಿ ಮಾಡಿ ಹತ್ತು ಸಲ ಅಂಟಿಸಿದರೆ ಒಂದೇ ವಯೊಲಿನ್ ಜೋರಾಗಿ ಕೇಳುತ್ತೆ, ಅಷ್ಟೇ. ಹಾಗಾಗಿ ಪ್ರತಿ ಸಲ ಮೈಕ್ ಅಲ್ಲೇ ಬಿಟ್ಟು ಅವರ ಜಾಗ ಬದಲಾಯಿಸಿದೆ: ಕಿಟಕಿ ಹತ್ತಿರ, ಬೀರು ಪಕ್ಕ, ಬಾಗಿಲಿಗೆ ಬೆನ್ನು ಹಾಕಿ. ನಾಲ್ಕು ಟೇಕ್ ಅವರ ಶಿಷ್ಯೆಯ ವಾದ್ಯದಲ್ಲಿ. ಮೂರು ಟೇಕ್ ಕೆಳಗಿನ ಸ್ಥಾಯಿಯಲ್ಲಿ. ಎಂಟನೇ ಟೇಕ್ ಮಧ್ಯ ಕರೆಂಟ್ ಹೋಯಿತು. ಯುಪಿಎಸ್ ಕಂಪ್ಯೂಟರನ್ನು ಉಳಿಸಿತು, ಆದರೆ ಅದರ ಕೀಂಯ್ ಕೀಂಯ್ ಸದ್ದು ರೆಕಾರ್ಡಿನೊಳಗೆ ಹೋಯಿತು. ಮೇಡಂ ಕಮಾನು ಕೆಳಗಿಡದೆ ಕತ್ತಲಲ್ಲೇ ಸಾಲು ಮುಗಿಸಿದರು. ಆ ಟೇಕ್ ಬಿಸಾಡೋಕೆ ಮನಸ್ಸು ಬರಲಿಲ್ಲ. ಕೊನೆಯ ಮೂರು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತಿಗೆ ಒಂದು ಬಾರ್) ಇಟ್ಟುಕೊಂಡಿದ್ದೇನೆ.

ಹತ್ತೂ ಸೇರಿಸಿದಾಗ ಶ್ರುತಿಯಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇತ್ತು. ಅದೇ ಗುಂಪಿನ ಸದ್ದು. ಸಾಫ್ಟ್‌ವೇರ್‌ನಲ್ಲಿ ಸರಿಮಾಡಿ ನೋಡಿದೆ, ಮತ್ತೆ ಕೀಬೋರ್ಡ್ ಆಯಿತು. ವಾಪಸ್ ತಂದೆ. ಇನ್ನೊಂದು ಮಾತು: ವಯೊಲಿನ್‌ಗಳಿಗೆ ಕಾರ್ಡ್ ಹಂಚಬೇಡಿ. ಮೇಲೆ ಕೆಳಗೆ ಎರಡು ಸ್ಥಾಯಿಯಲ್ಲಿ ಒಂದೇ ಸಾಲು ಸಾಕು. ಕಾರ್ಡ್ ಹಿಡಿಯೋದು ಎಲೆಕ್ಟ್ರಿಕ್ ಪಿಯಾನೋ ಕೆಲಸ.

ಚಪ್ಪಾಳೆ ಬಚ್ಚಲುಮನೆಯಲ್ಲಿ ಮೂರು ಜನ ಸೇರಿ ತಟ್ಟಿದ್ದು. ಕೈಯಲ್ಲಿ ನುಡಿಸೋ ಕಾಂಗ ಡ್ರಮ್ ಇರಲಿಲ್ಲ, ಢೋಲಕ್ ಹೊಂದಲಿಲ್ಲ, ಬಿಟ್ಟೆ.

ಮಿಕ್ಸ್ ಮಾಡುವಾಗ 24 ಟ್ರ್ಯಾಕ್‌ಗಿಂತ ಜಾಸ್ತಿ ಇಲ್ಲ ಅಂತ ನನಗೇ ನಾನು ಕಟ್ಟು ಹಾಕಿಕೊಂಡೆ. ಆ ದಶಕದ ಕೊನೆಗೆ ದೊಡ್ಡ ಸ್ಟುಡಿಯೋಗಳ ಎರಡು ಇಂಚಿನ ಟೇಪಿನಲ್ಲಿ ಹಿಡೀತಿದ್ದದ್ದೇ ಅಷ್ಟು. ಹತ್ತು ವಯೊಲಿನ್‌ಗಳನ್ನು ಎರಡು ಟ್ರ್ಯಾಕಿಗೆ ಇಳಿಸಿ ಹಳೆಯದನ್ನು ಮುಚ್ಚಿಟ್ಟೆ. ಕಿಕ್‌ಗಿಂತ ಬೇಸ್ ಜೋರು ಮಾಡಿದೆ. ಈಗಿನವರು ಇದನ್ನು ತಿರುಗಾ ಮುರುಗಾ ಮಾಡ್ತಾರೆ. ಎದೆ ನಡುಗಿಸೋ ತಳದ ಸದ್ದನ್ನು ಕತ್ತರಿಸಿ, ಬೇಸನ್ನು ನಟ್ಟ ನಡುವೆ ಕೂರಿಸಿದೆ. ರೆಕಾರ್ಡ್ ಪ್ಲೇಟಿನಲ್ಲಿ ದಪ್ಪ ಸದ್ದು ಒಂದೇ ಪಕ್ಕಕ್ಕೆ ವಾಲಿದರೆ ಮುಳ್ಳು ಜಿಗಿಯುತ್ತಿತ್ತು. ಅದಕ್ಕೇ ಆಗಿನವರು ಅದನ್ನು ನಡುವೆ ಇಡ್ತಿದ್ದದ್ದು. ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳೋ ಗುಂಯ್ ಸದ್ದು) ವಯೊಲಿನ್‌ಗೆ ಮಾತ್ರ, ಅದೂ ಪ್ಲೇಟ್ ರಿವರ್ಬ್. ಮೂಲದಲ್ಲಿ ಅದು ದೊಡ್ಡ ಪೆಟ್ಟಿಗೆಯೊಳಗೆ ತೂಗುಹಾಕಿದ ಉಕ್ಕಿನ ತಗಡು, ನನ್ನದು ಪ್ಲಗಿನ್. ಸದ್ದು ಮಿತಿ ಮೀರದ ಹಾಗೆ ಒತ್ತಿಹಿಡಿಯೋ ಕೊನೆಯ ಲಿಮಿಟರ್ ತೆಗೆದುಹಾಕಿದೆ. ಟೇಪ್ ಪ್ಲಗಿನ್ ಇನ್ನೂ ಇದೆ, ದುಡ್ಡು ಕೊಟ್ಟಿದ್ದೀನಲ್ಲ. ಆಫ್ ಮಾಡಿದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಮೂರನೇ ನಿಮಿಷದಲ್ಲಿ ಎಲ್ಲರೂ ನಿಲ್ತಾರೆ, ಡ್ರಮ್ಸ್ ಮಾತ್ರ ಉಳಿಯುತ್ತೆ. ಆಮೇಲೆ ಬೇಸ್, ಗಿಟಾರ್, ಪಿಯಾನೋ ಒಂದೊಂದೇ ವಾಪಸ್ ಬರುತ್ತೆ. ಉದ್ದ ಹಾಡುಗಳ 12 ಇಂಚಿನ ರೆಕಾರ್ಡುಗಳನ್ನು ರೂಪಿಸಿದ ಟಾಮ್ ಮೌಲ್ಟನ್ ಬಳಸುತ್ತಿದ್ದ ಉಪಾಯ ಇದು. ಆತುರ ಪಡಬಾರದು. ನಾನು ಪ್ರತಿಯೊಂದಕ್ಕೂ ಎಂಟು ಬಾರ್ ಕೊಟ್ಟಿದ್ದೇನೆ.

ಅಂಕಲ್‌ಗೆ ಮತ್ತೆ ಕೇಳಿಸಿದೆ. ಈ ಸಲ ಹೆಡ್‌ಫೋನ್ ತೆಗೀಲಿಲ್ಲ. ನಾಲ್ಕನೇ ನಿಮಿಷಕ್ಕೆ ಕೈ ಎತ್ತಿದರು. "ಇಲ್ಲಿ ಟ್ರಂಪೆಟ್ ಎಲ್ಲಿ?"

ಅಲ್ಲಿ ಕೀಬೋರ್ಡಿನ ಟ್ರಂಪೆಟ್ ಹಾಕಿ ನೋಡಿ ನಾಚಿಕೆಯಾಗಿ ತೆಗೆದಿದ್ದೆ. ಮದುವೆ ಬ್ಯಾಂಡ್ ಸೆಟ್‌ನ ಒಬ್ಬರನ್ನು ಕೇಳಿದ್ದೇನೆ. ಫೋನಲ್ಲೇ ಟ್ಯೂನ್ ಕೇಳಿ, ಫೋನಲ್ಲೇ ನುಡಿಸಿ ತೋರಿಸಿದರು. ಚೆನ್ನಾಗಿತ್ತು. ಆದರೆ ಲಗ್ನಗಳೆಲ್ಲ ಮುಗಿದ ಮೇಲೇ ಬರೋದಂತೆ. ಅಲ್ಲಿವರೆಗೂ ಆ ಎಂಟು ಬಾರ್ ಖಾಲಿ.