ರೆಜಿಮೆಂಟಲ್ ಬೋ ಟೈ: ಕಟ್ಟುವುದು ಹೇಗೆ, ಕಾಪಾಡುವುದು ಹೇಗೆ?

ಬ್ರಿಟನ್ನಿನ ಸೇನೆಯಲ್ಲಿ ರೆಜಿಮೆಂಟುಗಳಿಗೆ ಅವುಗಳದ್ದೇ ಬಣ್ಣದ ಟೈಗಳಿವೆ. ಗಾರ್ಡ್ಸ್ ದಳದವರದು ಕಡುನೀಲಿ ಮತ್ತು ಮರೂನ್ ಪಟ್ಟೆ. ರಾಯಲ್ ಆರ್ಟಿಲರಿಯವರದು ಕಡುನೀಲಿಯ ಮೇಲೆ ಕೆಂಪು ಅಂಕುಡೊಂಕು ಗೆರೆ. ಅದೇ ಬಣ್ಣದ ರೇಷ್ಮೆಯಲ್ಲಿ ಬೋ ಟೈ ಕೂಡ ಸಿಗುತ್ತದೆ. ಆ ದಳದಲ್ಲಿ ಸೇವೆ ಮಾಡದವರು ಅದನ್ನು ಕಟ್ಟಬಾರದು. ಚೆಂದ ಕಾಣುತ್ತದೆ ಅಂತ ಸುಮ್ನೆ ಕೊಳ್ಳಬೇಡಿ. ಯಾವ ದಳಕ್ಕೂ ಸೇರದ ಪಟ್ಟೆಗಳು ಬೇಕಾದಷ್ಟಿವೆ.

ಕೊಕ್ಕೆ ಹಾಕುವ ರೆಡಿಮೇಡ್ ಬೋ ಬೇಡವೇ ಬೇಡ. ಎರಡೂ ರೆಕ್ಕೆ ಅಚ್ಚು ಹೊಡೆದ ಹಾಗಿರುತ್ತವೆ, ಜೀವ ಇರುವುದಿಲ್ಲ.

ಕಾಲರ್ ಎತ್ತಿ, ಎಡದ ತುದಿ ಸುಮಾರು 4 ಸೆಂಟಿಮೀಟರ್ ಜಾಸ್ತಿ ಇಳಿಯುವಂತೆ ಟೈ ಹಾಕಿ. ಉದ್ದದ ತುದಿಯನ್ನು ಗಿಡ್ಡದರ ಮೇಲೆ ದಾಟಿಸಿ, ಕೆಳಗಿನಿಂದ ಮೇಲಕ್ಕೆ ತೆಗೆದು ಬಿಗಿ ಮಾಡಿ. ಗಿಡ್ಡ ತುದಿಯನ್ನು ಅಡ್ಡಲಾಗಿ ಮಡಿಸಿ. ಉದ್ದದ್ದನ್ನು ಅದರ ನಟ್ಟನಡುವೆ ಮುಂದಕ್ಕೆ ಇಳಿಬಿಡಿ.

ಬಹಳ ಜನ ಎಡವುವುದು ಇಲ್ಲಿಂದಾಚೆ. ಮಡಿಸಿದ ಬೋದ ಎರಡೂ ರೆಕ್ಕೆಗಳನ್ನು ಮುಂದಕ್ಕೆ ತಂದು ಬೆರಳಲ್ಲಿ ಚಿವುಟಿ ಹಿಡಿಯಿರಿ. ಅದರ ಹಿಂದೆ, ಗಂಟಿನ ಹತ್ತಿರ, ಒಂದು ಸಣ್ಣ ಸಂದು ಕಾಣುತ್ತದೆ. ಕಾಣದಿದ್ದರೆ ಬೆರಳು ತೂರಿಸಿ ಹುಡುಕಿ. ಈಗ ಇಳಿಬಿದ್ದ ತುದಿಯನ್ನು ಎದೆಯ ಕಡೆಗೆ ಮಡಿಸಿ, ಆ ಮಡಿಕೆಯನ್ನು ಸಂದಿಗೆ ತೂರಿಸಿ. ತೂರಿಸಬೇಕಾದ್ದು ಮಡಿಕೆಯನ್ನು, ತುದಿಯನ್ನಲ್ಲ. ತುದಿ ಪೂರ್ತಿ ಆಚೆ ಹೋದರೆ ಬೋ ಆಗುವುದೇ ಇಲ್ಲ, ಬರೀ ಗಂಟು ಉಳಿಯುತ್ತದೆ. ಸರಿಯಾಗಿದ್ದರೆ ಪ್ರತಿ ಪಕ್ಕದಲ್ಲೂ ಒಂದು ಮಡಿಕೆ, ಒಂದು ಬಿಡಿ ತುದಿ ಇರುತ್ತದೆ. ಬಿಗಿ ಮಾಡುವಾಗ ಎರಡು ಮಡಿಕೆಗಳನ್ನು ಒಟ್ಟಿಗೆ ಎಳೆಯಿರಿ. ಬಿಡಿ ತುದಿ ಎಳೆದರೆ ಶೂ ಲೇಸಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಗಂಟೂ ಅದೇ ಅಲ್ವಾ? ಕನ್ನಡಿ ಮುಂದೆ ಕೈ ತಡವರಿಸುವವರು ಮೊದಲು ಮಂಡಿಯ ಮೇಲೆ, ತೊಡೆಗೆ ಕಟ್ಟಿ ಕಲಿಯಿರಿ. ಸ್ವಲ್ಪ ಸೊಟ್ಟಗಿದ್ದರೆ ಹಾಗೇ ಬಿಡಿ, ಅದೇ ಚೆಂದ.

ತೆಗೆಯುವಾಗ ಗಂಟು ಪೂರ್ತಿ ಬಿಚ್ಚಿ. ಗಂಟಿನ ಸಮೇತ ತಲೆಯ ಮೇಲಿಂದ ಎಳೆದರೆ ಒಳಗಿನ ಕ್ಯಾನ್ವಾಸ್ ಸೊಟ್ಟಗಾಗುತ್ತದೆ. ಬಿಚ್ಚಿದ ಬೋ ಟೈಯನ್ನು ಚಪ್ಪಟೆಯಾಗಿ ಇಡಿ. ಉದ್ದ ಟೈಯಾದರೆ ಸಡಿಲವಾಗಿ ಸುತ್ತಿಡಿ.

ರೇಷ್ಮೆಗೆ ನೀರು ಬಿದ್ದರೆ ಉಜ್ಜಬೇಡಿ, ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ಎಣ್ಣೆ ಬಿದ್ದರೆ ಟಾಲ್ಕಂ ಪೌಡರ್ ಉದುರಿಸಿ, ರಾತ್ರಿಯಿಡೀ ಬಿಟ್ಟು, ಮೆತ್ತಗಿನ ಬ್ರಷ್‌ನಿಂದ ಕೊಡವಿ. ಮನೆಯಲ್ಲಿ ಒಗೆಯಲೇಬೇಡಿ: ಕೆಂಪು ಬಣ್ಣ ಬಿಟ್ಟು ಪಕ್ಕದ ಪಟ್ಟೆಗೆ ಹತ್ತಿದರೆ ಟೈ ಹೋದಂತೆಯೇ. ಸುಕ್ಕಿಗೆ ದೂರದಿಂದ ಹಬೆ ಸಾಕು. ಇಸ್ತ್ರಿ ಒತ್ತಿದರೆ ದುಂಡನೆಯ ಅಂಚು ಚಪ್ಪಟೆಯಾಗುತ್ತದೆ. ಸೆಂಟ್ ಹಾಕಿಕೊಳ್ಳುವವರು ಟೈ ಕಟ್ಟುವ ಮೊದಲೇ ಹಾಕಿಕೊಂಡು ಒಣಗಲು ಬಿಡಿ. ಅದರ ಆಲ್ಕೋಹಾಲ್ ರೇಷ್ಮೆಯ ಮೇಲೆ ಕಲೆ ಉಳಿಸುತ್ತದೆ.