ಕೊನೇ ಕಂಬದ ಮನೆಗೆ ಆನ್‌ಗ್ರಿಡ್ ಸೋಲಾರ್: ನನ್ನ ಅನುಭವ

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಬರಲ್ಲ, ಸೋಲಾರ್ ಯಾಕೆ ಅಂದವರಿದ್ದರು. ಬಲ್ಲವರ ತಕರಾರು ಬೇರೆ: ‘ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಕೊನೇ ಕಂಬ, ಆ ಲೈನಲ್ಲಿ ಆನ್‌ಗ್ರಿಡ್ (ಬ್ಯಾಟರಿ ಇಲ್ಲದೆ ಕರೆಂಟನ್ನು ನೇರ ಲೈನಿಗೆ ಕೊಡುವ ಸೋಲಾರ್) ನಿಲ್ಲಲ್ಲ.’ ನಿಂತಿದೆ. ತಿಪಟೂರು ಕಡೆಯ ಹಳ್ಳಿ, 540 ವ್ಯಾಟಿನ ಆರು ಪ್ಯಾನೆಲ್, 3 ಕಿಲೋವ್ಯಾಟಿನ ಸಿಂಗಲ್ ಫೇಸ್ ಇನ್ವರ್ಟರ್. ಖರ್ಚು ಎರಡು ಲಕ್ಷದ ಹತ್ತಿರ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000.

ಮೊದಲ ತಿಂಗಳು ಪೂರ್ತಿ ಸೋಲು. ಬಿಸಿಲು ಏರಿದ ಹೊತ್ತಿಗೇ ಓವರ್ ವೋಲ್ಟೇಜ್ ತೋರಿಸಿ ಇನ್ವರ್ಟರ್ ಟ್ರಿಪ್. ದಿನಕ್ಕೆ 12 ಯೂನಿಟ್ ಬರಬೇಕಾದಲ್ಲಿ ಏಳು. ಟಿಸಿ ಖಾಲಿ ಇದ್ದಾಗ ಕೊಡುವುದೇ 433 ವೋಲ್ಟ್, ಫೇಸಿಗೆ 250. ಅದರ ಮೇಲೆ 13 ಆಂಪ್ಸ್ ಲೈನಿಗೆ ತಳ್ಳಬೇಕಾದರೆ ವೋಲ್ಟೇಜ್ ಇನ್ನೂ ಏರಲೇಬೇಕು. ನನ್ನ ಇನ್ವರ್ಟರ್ 253ಕ್ಕೆ ಕೈಬಿಡುತ್ತದೆ. ಸಾಲದ್ದಕ್ಕೆ ಮಹಡಿಯಿಂದ ಮೀಟರಿಗೆ 30 ಮೀಟರ್ ಎಳೆದಿದ್ದದ್ದು ಎರಡೂವರೆ ಸ್ಕ್ವೇರ್ ಎಂಎಂ ಕೇಬಲ್. ಅದೊಂದೇ 6 ವೋಲ್ಟ್ ಏರಿಸುತ್ತಿತ್ತು. 10 ಸ್ಕ್ವೇರ್ ತಾಮ್ರ ಹಾಕಿದೆ, ಒಂದೂವರೆಗೆ ಇಳಿಯಿತು. ಎಂಟೊಂಬತ್ತು ಸಾವಿರ ಹೋಯಿತು, ಮೊದಲೇ ಹಾಕಿದ್ದರೆ ಅರ್ಧ ಉಳಿಯುತ್ತಿತ್ತು.

ಕೆಲಸ ಗೆದ್ದದ್ದು ಮಾತ್ರ ಫೇಸ್ ಬದಲಿಸಿದ ಮೇಲೆ. ಮಧ್ಯಾಹ್ನ ಮೂರೂ ಫೇಸಿನ ವೋಲ್ಟೇಜ್ ಅಳೆದು ನೋಡಿದರೆ ಮನೆ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಲೋಡಿನ ಫೇಸಲ್ಲಿ. ಲೈನ್‌ಮನ್ ಕೈಯಲ್ಲೇ ಭಾರದ ಫೇಸಿಗೆ ಹಾಕಿಸಿದೆ, ಕಂಬದ ಸಡಿಲ ನ್ಯೂಟ್ರಲ್ಲೂ ಬಿಗಿಯಾಯಿತು. ಆಮೇಲೆ ಟ್ರಿಪ್ ಇಲ್ಲ.

ಲೈನಿಗೆ ಲಾಭ ಇಲ್ಲೇ. ಮೊದಲು ಮಧ್ಯಾಹ್ನ ಆ ಫೇಸು 205ಕ್ಕೆ ಕುಸಿಯುತ್ತಿತ್ತು, ಈಗ 212ರ ಆಸುಪಾಸು. ಅಕ್ಕಪಕ್ಕದವರ ಫ್ರಿಜ್ಜು ಗೊಣಗುವುದು ನಿಂತಿದೆ. ಅವರ ಲೋಡಿಗೆ ಟಿಸಿಯಿಂದ ಹರಿಯಬೇಕಿದ್ದ ಕರೆಂಟು ಪಕ್ಕದ ಮಹಡಿಯಿಂದಲೇ ಸಿಗುತ್ತದೆ. ತಂತಿಯಲ್ಲಿ ಕರೆಂಟು ಅರ್ಧವಾದರೆ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಎಲ್ಲರೂ ಸೋಲಾರನ್ನು ಒಂದೇ ಫೇಸಿಗೆ ಹಾಕಿದರೆ ಮತ್ತೆ ಮೊದಲಿನ ಪಾಡೇ. ಸಂಜೆ ಏಳರ ಲೋಡಿಗಂತೂ ಬ್ಯಾಟರಿ ಇಲ್ಲದೆ ಇದರಿಂದ ಏನೂ ಇಲ್ಲ.

ಸಂಜೆ ಬಿಸಿಲಿಗೆಂದು ಮೂರು ಪ್ಯಾನೆಲ್ ಪಶ್ಚಿಮಕ್ಕೆ ತಿರುಗಿಸಿಯೂ ನೋಡಿದೆ. ಒಂದೇ ಸ್ಟ್ರಿಂಗ್ (ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್ ಸಾಲು), ಒಂದೇ ಎಂಪಿಪಿಟಿ (ಸಾಲಿನಿಂದ ಹೆಚ್ಚು ಕರೆಂಟು ಹಿಂಡುವ ಇನ್ವರ್ಟರಿನ ಭಾಗ); ಮಂಕಾದ ಮೂರು ಉಳಿದ ಮೂರನ್ನೂ ಎಳೆದುಹಾಕಿ ದಿನಕ್ಕೆ ಒಂದೂವರೆ ಯೂನಿಟ್ ನಷ್ಟ. ಎರಡು ಎಂಪಿಪಿಟಿ ಇದ್ದರಷ್ಟೇ ಆ ಸಾಹಸ. ತೆಂಗಿನ ಗರಿಯ ನೆರಳೂ ಹೀಗೇ, ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿಗೇ ಪೆಟ್ಟು. ಪಶ್ಚಿಮದ ಮರದ ಗರಿಯನ್ನು ವರ್ಷಕ್ಕೆ ಎರಡು ಸಲ ಇಳಿಸುತ್ತೇನೆ.